ಬಣ್ಣ ಬಿಟ್ಟುಹೋದ ದನಿ

ನನಗೆ ದನಿಗಳು ಕೇಳಿಸುವುದಷ್ಟೇ ಅಲ್ಲ, ಬಣ್ಣವಾಗಿ ಕಾಣುತ್ತವೆ ಕೂಡ. ಹುಟ್ಟಿನಿಂದಲೂ ಹೀಗೆ. ಬಿಡದಿ ಹತ್ತಿರದ ಸ್ಟುಡಿಯೋದಲ್ಲಿ ಧಾರಾವಾಹಿಗಳ ಧ್ವನಿ ಸಂಕಲನ ಮಾಡುತ್ತೇನೆ. ಸಂಜೆ ಪ್ರಸಾರವಾಗಬೇಕಾದ ಕಂತು ಮಧ್ಯಾಹ್ನವಾದರೂ ಮುಗಿದಿರುವುದಿಲ್ಲ. ಸುತ್ತ ಜನ ಕೂಗಾಡತೊಡಗಿದರೆ ಕಣ್ಣೆದುರಿನ ಪರದೆಯೇ ನನಗೆ ಕಲಸಿಹೋಗುತ್ತದೆ.

ನಾಯಕಿಗೆ ದನಿ ಕೊಡುತ್ತಿದ್ದವಳು ಚನ್ನಪಟ್ಟಣದ ಹುಡುಗಿ, ಗೊಂಬೆ ಮಾಡುವವರ ಮನೆಯವಳು. ಅವಳ ದನಿ ನನಗೆ ಹೊಸ ಹುಣಸೆಹಣ್ಣಿನ ಕೆಂಗಂದು. ಕಳೆದ ವರ್ಷ ಒಂದು ಬೆಳಿಗ್ಗೆ ಅವಳ ಸಂಭಾಷಣೆಗಳನ್ನು ತೆರೆದೆ. ಉಸಿರು, ಎಳೆತ ಎಲ್ಲವೂ ಅವಳದೇ. ಬಣ್ಣ ಮಾತ್ರ ಬೂದು.

ಮೊದಲು ನನ್ನ ಮೇಲೇ ಅನುಮಾನ ಬಂತು. ಹೆಡ್‌ಫೋನ್ ಬದಲಿಸಿದೆ. ಸೆಟ್ಟಿನಲ್ಲೇ ದಾಖಲಾಗುವ ಅತ್ತೆ ಪಾತ್ರದವರ ದನಿ ಎಂದಿನಂತೆ ಹಸಿರಾಗಿಯೇ ಇತ್ತು. ನಿರ್ದೇಶಕರನ್ನು ಕೇಳಿದೆ.

"ಇದನ್ನ ಯಾವಾಗ ಡಬ್ ಮಾಡಿದ್ದು ಸಾರ್?"

"ಮತ್ತೆ ಬಣ್ಣ ಶುರುವಾಯ್ತೇನಮ್ಮ? ಒಸಿ ರಜಾ ತಗೊ."

ಹಬ್ಬಕ್ಕೂ ರಜೆ ಕೊಡದವರು ಅವರು. ಡಬ್ಬಿಂಗ್ ಕೋಣೆಗೆ ಹೋಗಿ ನೋಡಿದರೆ ಮೈಕಿನ ಮೇಲೆ ಧೂಳು ಕೂತಿತ್ತು.

ಹುಡುಗಿಗೆ ಫೋನ್ ಮಾಡಿದೆ. "ಗಂಟ್ಲು ಕಟ್ಟೈತೆ ಅಕ್ಕ. ವಾಸಿ ಆದ್ಮೇಲೆ ಬಾ ಅಂದವ್ರೆ," ಅಂದಳು. ಇವಳೂ ನಿರ್ದೇಶಕರ ಜೊತೆ ಒಪ್ಪಂದ ಮಾಡಿಕೊಂಡು ನನ್ನಿಂದ ಮುಚ್ಚಿಡುತ್ತಿದ್ದಾಳೋ ಏನೋ ಅನ್ನಿಸಿತು. ಭಾನುವಾರ ಅವಳ ಮನೆಗೇ ಹೋಗಿ ಆ ಸಂಭಾಷಣೆ ಕೇಳಿಸಿದೆ.

"ಸೀರಿಯಲ್ ಹಾಕ್ಕಂಡ್ಯೇನೆ?" ಎಂದು ಅಡುಗೆಮನೆಯಿಂದ ಅವಳಮ್ಮ ಕೇಳಿದರು.

ಹುಡುಗಿ ಗಂಟಲ ಮೇಲೆ ಕೈಯಿಟ್ಟುಕೊಂಡಳು. "ದನಿ ನಂದೇ ಕಣಕ್ಕ. ಈ ಮಾತು ಮಾತ್ರ ನಾನು ಆಡಿಲ್ಲ."

ಮರುದಿನ ಇಬ್ಬರೂ ನಿರ್ದೇಶಕರ ಎದುರು ನಿಂತೆವು. ಹಳೆಯ ಕಂತುಗಳಿಂದ ಕಂಪ್ಯೂಟರ್ ಅವಳ ದನಿಯನ್ನು ಕಲಿತಿತ್ತು. "ಸುಮ್ನೆ ಪ್ರಯೋಗಕ್ಕೆ ಅಂತ ಮಾಡಿಸಿದ್ದು," ಎಂದರು. "ನನ್ನ ಕೇಳ್ದೆ ಇನ್ನೊಂದ್ಸಲ ಮಾಡಿದ್ರೆ ಡಬ್ಬಿಂಗ್ ಕಲಾವಿದರ ಸಂಘಕ್ಕೆ ದೂರು ಕೊಡ್ತೀನಿ," ಎಂದಳು ಅವಳು, ಒಡೆದ ದನಿಯಲ್ಲೇ. ಅವರು ಒಪ್ಪಿದರು. ಆ ಕಂತುಗಳು ಆಗಲೇ ಪ್ರಸಾರವಾಗಿದ್ದವು. ನೋಡಿದವರು ಯಾರೂ ಏನೂ ಹೇಳಿರಲಿಲ್ಲ.

ಅವಳು ಕೆಲಸಕ್ಕೆ ಮರಳಿದಳು. ನಿರ್ದೇಶಕರು ಈಗ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ನಾನೂ ಅವರು ಕಳಿಸಿದ್ದನ್ನೆಲ್ಲ ಎರಡೆರಡು ಸಲ ಕೇಳುತ್ತೇನೆ.

ಮೊನ್ನೆ ಕನಕಪುರದಿಂದ ತಂಗಿ ಫೋನ್ ಮಾಡಿದಾಗ ಅವಳ ದನಿ ಪೇಲವವಾಗಿತ್ತು. ಚಿಕ್ಕಂದಿನಲ್ಲಿ ನಾವಿಬ್ಬರೂ ಕದ್ದು ಸಾಕಿದ ಬೆಕ್ಕಿನ ಹೆಸರೇನು ಎಂದು ಕೇಳಿದೆ. ಸರಿಯಾಗಿಯೇ ಹೇಳಿದಳು.

ಆಮೇಲೆ, "ಯಾಕಕ್ಕ, ಫೋನಲ್ಲಿರೋದು ನೀನೇ ತಾನೆ?" ಅಂದಳು.