ಕುದ್ರುವಿಗೆ ಹೊತ್ತ ಮಂಚ

ಮದುವೆಯಾಗದ ಹುಡುಗಿ ಒಂದು ವರ್ಷ ಮನೆ ಬಿಟ್ಟು ಇರುವುದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಯುದ್ಧದ ದಿನಗಳು. ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅಂಥದ್ದೊಂದು ಬಸ್ಸನ್ನು ಇಳಿದು ತಳ್ಳಿ, ಮತ್ತೆ ಹತ್ತಿ, ನಾನು ಬ್ರಹ್ಮಾವರದಿಂದ ಕುಂದಾಪುರಕ್ಕೆ ಬಂದೆ. ಅಲ್ಲಿನ ಚರ್ಚಿನ ಪಾದ್ರಿಗಳು ಒಂದಿಷ್ಟು ಯುವಕ ಯುವತಿಯರನ್ನು ಕೂಡಿಸಿದ್ದರು. ವರ್ಷವಿಡೀ ಒಟ್ಟಿಗೆ ಪ್ರಾರ್ಥನೆ, ಒಟ್ಟಿಗೆ ಗಂಜಿ, ಸುತ್ತಲಿನ ಊರುಗಳಲ್ಲಿ ರೋಗಿಗಳ ಸೇವೆ. ನಾವು ಹುಡುಗಿಯರು ಪಾದ್ರಿಯಮ್ಮನ ಕಣ್ಣಳತೆಯಲ್ಲಿ, ಹುಡುಗರು ಚರ್ಚಿನ ಜಗಲಿಯಲ್ಲಿ.

ನಮ್ಮ ಪಂಗಡಕ್ಕೆ ಮಂಗಳೂರಿನ ಒಬ್ಬ ಮುಖಂಡ. ಅವನ ಸ್ವರ ದಪ್ಪ, ಆ ಸ್ವರದ ಮೇಲೆ ಅವನಿಗಿದ್ದ ಅಭಿಮಾನ ಇನ್ನೂ ದಪ್ಪ. ಉಪ್ಪು ತರಲು ಅಂಗಡಿಗೆ ಹೋದರೂ ಕೀರ್ತನೆ ಹಾಡಿಕೊಂಡೇ ಹೋಗುವವ.

ನನ್ನ ಪಾಲಿಗೆ ಬಂದದ್ದು ಬಸ್ರೂರಿನ ಹೊಳೆಯ ನಡುವಿನ ಒಂದು ಕುದ್ರು. ಆ ದ್ವೀಪದಲ್ಲಿದ್ದ ಒಬ್ಬ ಅಜ್ಜಿಗೆ ಹೊಳೆಯಲ್ಲಿ ಚಿಪ್ಪು ತಾಗಿ ಅಂಗಾಲು ಹುಣ್ಣಾಗಿತ್ತು. ದಿನಾ ತೊಳೆದು ಕಟ್ಟಿದರೆ ಉಳಿದೀತು, ಬಿಟ್ಟರೆ ಪಾದವನ್ನೇ ಕತ್ತರಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ನಾನು ದಿನವೂ ದೋಣಿ ದಾಟಿ ಹೋಗುತ್ತಿದ್ದೆ. ಬೈಂದೂರು ಕಡೆಯಿಂದ ಬಂದ ಸೊಸೆ ನೀರು ಕಾಯಿಸಿ ಜಗಲಿಯ ತುದಿಯಲ್ಲಿಟ್ಟು ದೂರ ನಿಲ್ಲುವಳು. ನಾನು ಹೊರಟ ಮೇಲೆ ಜಗಲಿಗೆ ಸಗಣಿ ಸಾರಿಸುತ್ತಾಳೆಂದೂ ನನಗೆ ಗೊತ್ತಿತ್ತು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಅಜ್ಜಿ ಬಾಯಿ ತುಂಬ ಮಾತಾಡುತ್ತಿದ್ದರು, ಹುಣ್ಣೂ ಅಂಚಿನಿಂದ ಮಾಯುತ್ತ ಬಂದಿತ್ತು.

ಕಾಲನ್ನು ಚಾಚಿಕೊಂಡಿರಲಿ ಎಂದು ಹುಡುಗರು ಅಜ್ಜಿಗೊಂದು ಮಂಚ ಮಾಡಿದರು. ಭಾನುವಾರ ಆರಾಧನೆ ಮುಗಿದದ್ದೇ ಎಲ್ಲರೂ ಬಿಳಿ ಬಟ್ಟೆಯಲ್ಲೇ ಹೊರಟೆವು. ಹೊಸ ಮರಕ್ಕೆ ಬಿಸಿಲು ತಾಗಬಾರದೆಂದು ಪಾದ್ರಿಯಮ್ಮ ಮಂಚಕ್ಕೆ ಬಿಳಿ ಹೊದಿಕೆ ಹೊದಿಸಿದರು. ದೋಣಿ ಇಳಿದ ಮೇಲೆ ಹಿಂದೊಬ್ಬ ಮುಂದೊಬ್ಬ ಅದಕ್ಕೆ ಹೆಗಲು ಕೊಟ್ಟರು. ಗದ್ದೆಯ ಅಂಚು ಸಪೂರ, ಹಾಗಾಗಿ ಉಳಿದವರೂ ಸಾಲು ಹಿಡಿದೆವು. ಮಂಗಳೂರಿನವ ಗಂಟಲು ಸರಿಮಾಡಿಕೊಂಡು ಕೀರ್ತನೆ ಎತ್ತಿದ.

ಕಿರಿಸ್ತಾನರು ಹೀಗೆ ಬಿಳಿ ಉಟ್ಟು, ಸಾಲಾಗಿ, ಹಾಡುತ್ತ ನಡೆಯುವುದನ್ನು ಆ ಕುದ್ರುವಿನ ಜನ ಕಂಡದ್ದು ಕುಂದಾಪುರದ ದಾರಿಯಲ್ಲಿ, ಹೆಣ ಹೊತ್ತು ಹೋಗುವಾಗ ಮಾತ್ರ. ಅದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗದ್ದೆಯಲ್ಲಿದ್ದವರು ಮುಂಡಾಸು ತೆಗೆದು ನಿಂತಾಗ, ನಮಗೆ ಎಷ್ಟೊಂದು ಮರ್ಯಾದೆ ಎಂದು ನಾನು ಬೀಗಿದೆ; ಎಲ್ಲರೂ ನಗುನಗುತ್ತಲೇ ಮುಂದೆ ನಡೆದೆವು.

ಅಂಗಳ ಮುಟ್ಟುವಷ್ಟರಲ್ಲಿ ಸೊಸೆ ಎದೆ ಬಡಿದುಕೊಳ್ಳುತ್ತ ಹೊರಗೆ ಬಂದಳು.

"ನಮ್ಮತ್ತೆ ಜೀವ ಇನ್ನೂ ಹೋಯ್ಲಿಲ್ಲ! ಈಗ್ಲೇ ಹೊರುಕ್ ಬಂದ್ರ್ಯಾ? ಹೋಯ್ನಿ, ಇನ್ನ್ ಈ ಬದಿಗೆ ಬಪ್ದೇ ಬ್ಯಾಡ!"

ಬಾಗಿಲು ಹಾಕಿಕೊಂಡಿತು. ಹಾಡುಗಾರನ ಮುಖ ಹುಳ್ಳಗಾಯಿತು. ಮಂಚವನ್ನು ಅಂಗಳದಲ್ಲೇ ಬಿಟ್ಟು ಹಿಂದಿರುಗಿದೆವು.

ಪಾದ್ರಿಗಳು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನನಗೆ ನಗು ಬರಲಿಲ್ಲ. ಮರುದಿನ ದೋಣಿಯವನು ನನ್ನನ್ನು ಹತ್ತಿಸಿಕೊಳ್ಳಲಿಲ್ಲ, ಅದರ ಮರುದಿನವೂ ಇಲ್ಲ. ಔಷಧಿ ಚೀಲ ಹಿಡಿದು ದಡದಲ್ಲಿ ನಿಂತು ಅತ್ತೆ. ನಮ್ಮ ಸಂಭ್ರಮಕ್ಕೆ ಅಜ್ಜಿಯ ಕಾಲು ಹೋಗುತ್ತದಲ್ಲಾ ಎಂಬುದೊಂದೇ ಯೋಚನೆ.

ಮೂರನೆಯ ದಿನ ದೋಣಿಯವನೇ ಆಚೆ ದಡದಿಂದ ಕೂಗಿದ: "ಹ್ವಾಯ್, ನಿಲ್ಲಿ, ದೋಣಿ ತತ್ತೆ! ಅಜ್ಜಿ ಕರ್ದಿರ್. ಪದ ಗಿದ ಎಂತದೂ ಬ್ಯಾಡ ಅಂಬ್ರ್!"

ಹೋಗಿ ನೋಡಿದರೆ ಅಜ್ಜಿ ನಮ್ಮ ಮಂಚದ ಮೇಲೆ ಕಾಲು ಚಾಚಿ ರಾಣಿಯಂತೆ ಕೂತಿದ್ದಾರೆ.

"ನಾ ಕಿಟ್ಕಿಯಗೆ ಕಂಡೆ, ಮಗಳೆ," ಎಂದರು. "ಸತ್ತವ್ರನ್ನ ಹೊರುಕ್ ಬಂದವ್ರ್ ಹಂಗೆ ನೆಗ್ಯಾಡ್ಕಂಡ್ ಬತ್ರಾ? ಅದನ್ನ ಇವ್ಳಿಗೆ ತಿಳ್ಸುಕೆ ಎರಡ್ ದಿನ ಬೇಕಾಯ್ತ್. ಈಗ ಕಾಲ್ ಕಾಣ್."

ಹೆದರುತ್ತಲೇ ಕಟ್ಟಿಗೆ ಕೈ ಹಾಕಿದೆ. ಬಟ್ಟೆ ಶುಭ್ರವಾಗಿತ್ತು. ದಿನಾ ದೂರ ನಿಂತು ನೋಡುತ್ತಿದ್ದ ಸೊಸೆ, ನಾನು ಮಾಡುತ್ತಿದ್ದಂತೆಯೇ ನೀರು ಕುದಿಸಿ, ತೊಳೆದು, ಹಳೆ ಸೀರೆಯ ಬಟ್ಟೆ ಕಟ್ಟಿದ್ದಳು. ಗಂಟು ಮಾತ್ರ ಎಮ್ಮೆ ಕಟ್ಟುವ ಗಂಟು. ಅದನ್ನು ಬಿಚ್ಚಲು ಒದ್ದಾಡುತ್ತಿದ್ದಾಗ ಅವಳು ಮೊದಲ ಸಲ ಹತ್ತಿರ ಬಂದು ಕೂತು, ತಾನೇ ಬಿಡಿಸಿಕೊಟ್ಟಳು. ಹುಣ್ಣೂ ಶುಭ್ರವಾಗಿತ್ತು. ಅವತ್ತು ನನಗಾದ ಖುಷಿ ಇವತ್ತಿಗೂ ಹಾಗೇ ಇದೆ.

ವರ್ಷ ಮುಗಿದು ನಾವು ಹೋಗಿಬರುತ್ತೇವೆಂದು ಹೇಳಲು ಹೋದಾಗ ಅಜ್ಜಿ ಕೋಲೂರಿಕೊಂಡು ದೋಣಿಯವರೆಗೂ ನಡೆದು ಬಂದರು. ದೋಣಿ ದಡ ಬಿಟ್ಟಿತು. ನಾವೆಲ್ಲ ಬಾಯಿ ಬಿಗಿ ಹಿಡಿದು ಕೂತಿದ್ದೆವು. ಕುದ್ರುವಿನಲ್ಲಿ ಇನ್ನು ಪದ ಹಾಡಬಾರದೆಂದು ನಮ್ಮೊಳಗೆ ಕಟ್ಟಳೆಯಾಗಿತ್ತು. ಮಂಗಳೂರಿನವನಂತೂ ಕಣ್ಣೊರೆಸಿಕೊಳ್ಳುತ್ತಿದ್ದ. ಆಗ ಸೊಸೆ ಮೊಣಕಾಲುದ್ದ ನೀರಿಗಿಳಿದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು:

"ಹ್ವಾಯ್! ಎಂತಕೆ ಸುಮ್ನೆ ಕೂಕಂಡಿದ್ರಿ? ಅವತ್ತಿನ್ ಪದ ಹೇಳಿ!"