ಭೀಮಣ್ಣನ ರೈಫಲ್ಲಿಗೆ ಚಿಲಕ ಆರಿಸಿದ್ದು

ಸುಮಾರು ಎರಡು ವರ್ಷ ನನ್ನ ಅಂಗಿಯ ಜೇಬಿನಲ್ಲಿ ಒಂದು ಹಿತ್ತಾಳೆಯ ಚಿಲಕ ಇರುತ್ತಿತ್ತು. ಸಿಟಿ ಬಸ್ಸಿನಲ್ಲಿ, ಪಿಂಚಣಿಯ ಸಾಲಿನಲ್ಲಿ, ಒಮ್ಮೆ ದೂರದ ನೆಂಟರೊಬ್ಬರ ತಿಥಿಯಲ್ಲಿ ಕೂಡ, ಅದನ್ನು ಸರಕ್ಕನೆ ಎಳೆದು ಟಕ್ಕನೆ ಹಾಕುತ್ತ ಕೂತಿರುತ್ತಿದ್ದೆ. ಏನು ಮಾಡಾಕತ್ತೀರಿ ಎಂದು ಯಾರಾದರೂ ಕೇಳಿದರೆ, ರೈಫಲ್ಲಿಗೆ ಒಂದು ಭಾಗ ಆರಿಸಾಕತ್ತೀನಿ ಎನ್ನುತ್ತಿದ್ದೆ. ಕೇಳಿದವರು ಸ್ವಲ್ಪ ದೂರ ಸರಿದು ಕೂಡುತ್ತಿದ್ದರು. ತಿಥಿಮನೆಯಲ್ಲಂತೂ ನನಗೆ ಊಟದ ಪಂಕ್ತಿಯಲ್ಲಿ ಎರಡು ಎಲೆಯಷ್ಟು ಜಾಗ ಸಿಕ್ಕಿತು.

ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತನಾಲ್ಕು ವರ್ಷದ ಬಾಳಿನಲ್ಲಿ ನಾನು ಒಂದು ಗುಂಡನ್ನೂ ಹಾರಿಸಿದವನಲ್ಲ. ದೀಪಾವಳಿಯಲ್ಲಿ ಸುರುಸುರುಬತ್ತಿಯನ್ನು ಹೆಂಡತಿಯ ಕೈಗೆ ಕೊಟ್ಟು ಬಾಗಿಲ ಹಿಂದೆ ನಿಲ್ಲುವ ಪೈಕಿ. ಕಲಿತದ್ದು ಮೆಟ್ರಿಕ್, ಅದೂ ಈ ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ. ಆಮೇಲೆ ನಲವತ್ತು ವರ್ಷ ಬೇಗಂ ಬಜಾರಿನ ಒಂದು ಅಂಗಡಿಯಲ್ಲಿ ಬಾಗಿಲಿನ ಸಾಮಾನು ಮಾರಿದೆ. ಕೀಲು, ಕೊಂಡಿ, ಅಗಳಿ, ಚಿಲಕ. ಇಷ್ಟೇ ನನ್ನ ವಿದ್ಯೆ. ಇಂಥವನು ರೈಫಲ್ ತಜ್ಞನಾಗಿ ಸನ್ಮಾನ ಮಾಡಿಸಿಕೊಂಡದ್ದು ಹೇಗೆ, ಅದರಿಂದ ನನಗೆ ಅನ್ನ ಸೇರದಂತಾದದ್ದು ಹೇಗೆ ಎಂಬುದೇ ಈ ತಪ್ಪೊಪ್ಪಿಗೆ.

ಭೀಮಣ್ಣ ನನ್ನ ಶಾಲೆಯ ಗೆಳೆಯ. ಹೆಸರಿಗೆ ಭೀಮ, ಆಳು ಅಗರಬತ್ತಿಯ ಹಾಗೆ. ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತನಾದ. ನಿವೃತ್ತರು ಸಾಮಾನ್ಯವಾಗಿ ವಾಕಿಂಗ್ ಹಿಡಿಯುತ್ತಾರೆ, ಇಲ್ಲವೆ ಸಕ್ಕರೆ ಬಿಡುತ್ತಾರೆ. ಇವನು ಊರ ಹೊರಗಿನ ಒಂದು ಶೂಟಿಂಗ್ ಕ್ಲಬ್ಬು ಸೇರಿ, ಗಾಳಿ ರೈಫಲ್ಲಿನಲ್ಲಿ ಕಾಗದದ ವೃತ್ತಗಳಿಗೆ ತೂತು ಹೊಡೆಯತೊಡಗಿದ. ಅಲ್ಲಿ ವರ್ಷಕ್ಕೊಮ್ಮೆ ಹಿರಿಯರ ಪಂದ್ಯ ನಡೆಯುತ್ತದೆ. ಮಂಡಿ ನೋವಿನವರ ಅನುಕೂಲಕ್ಕೆ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ರೈಫಲ್ ಇಟ್ಟು ಹೊಡೆಯುವುದು. ಕಣ್ಣು ಮಂಜಾಗುವ ಮೊದಲು ಒಮ್ಮೆ ತೋಟಾ ಹಾಕುವ ತನ್ನದೇ ರೈಫಲ್ಲಿನಿಂದ ಆ ಪಂದ್ಯದಲ್ಲಿ ಕೂಡಬೇಕು ಎಂಬುದು ಅವನ ಆಸೆ. ಲೈಸೆನ್ಸು ಬಂತು. ಆಮೇಲೆ ಯಾರೋ ಅವನ ತಲೆಯಲ್ಲಿ ತುಂಬಿದರು: ರೈಫಲ್ಲನ್ನು ಸಿದ್ಧವಾಗಿ ಕೊಳ್ಳಬಾರದು, ಕಟ್ಟಿಸಬೇಕು. ನಳಿಗೆ ಒಂದು ಕಡೆಯದು, ಹಿಡಿಯ ಮರ ಇನ್ನೊಂದು ಕಡೆಯದು, ನಡುವೆ ‘ಆ್ಯಕ್ಷನ್’ ಎಂಬ ಉಕ್ಕಿನ ಭಾಗ ಮಾತ್ರ ಹೊರದೇಶದ ಕುಶಲ ಕಾರ್ಖಾನೆಯದು.

ಈ ಆ್ಯಕ್ಷನ್ ಎಂದರೇನು ಎಂದು ನಾನು ಕೇಳಿದೆ. ಭೀಮಣ್ಣ ನಕ್ಷೆ ಬರೆದು ತೋರಿಸಿದ. ಒಂದು ಉಕ್ಕಿನ ಕೊಳವೆ, ಅದರೊಳಗೆ ಹಿಂದೆ ಮುಂದೆ ಜಾರುವ ‘ಬೋಲ್ಟು’ ಎಂಬ ಒಂದು ದುಂಡು ಸರಳು, ಅದಕ್ಕೊಂದು ಹಿಡಿಕೆ. ಹಿಡಿಕೆ ಎತ್ತಿ ಎಳೆದರೆ ಬಾಯಿ ತೆರೆಯುತ್ತದೆ. ತೋಟಾ ಇಟ್ಟು, ನೂಕಿ, ಹಿಡಿಕೆ ಇಳಿಸಿದರೆ ಮುಚ್ಚುತ್ತದೆ.

ನಾನು ಕನ್ನಡಕ ತೆಗೆದು, ಇದು ಚಿಲಕ ಎಂದೆ.

ಅಲ್ಲಿಂದಲೇ ನನ್ನ ಪತನ ಶುರುವಾಯಿತು. ಭೀಮಣ್ಣ ನನ್ನ ಕೈ ಹಿಡಿದುಕೊಂಡು, “ನಾಗ್ಯಾ, ನೀ ನಲವತ್ತು ವರ್ಷ ಚಿಲಕದಾಗ ಬದುಕಿದಾವ. ನೀನs ಆರಿಸು. ನಾ ಸಹಿ ಹಾಕತೀನಿ, ಅಷ್ಟs” ಎಂದ. ನನಗೆ ಇದರಲ್ಲಿ ಏನೂ ತಿಳಿಯದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಂಗಡಿಯವನ ನಾಲಿಗೆಗೆ ಆ ಮಾತು ಹೊರಗೆ ಬಿಟ್ಟು ರೂಢಿಯಿಲ್ಲ.

ಪುಸ್ತಕಗಳು ಬಂದವು. ಬೆಲೆಪಟ್ಟಿ, ಬಣ್ಣದ ಚಿತ್ರ, ಅಳತೆಗಳ ಕೋಷ್ಟಕ. ನಮ್ಮ ಮನೆಯ ಮಂಚದ ಮೇಲೆ ಅವು ಹರಡಿಕೊಂಡದ್ದನ್ನು ಕಂಡು ನನ್ನ ಹೆಂಡತಿ ಶಾಂತಾ, ಮಗಳಿಗೆ ವರ ನೋಡುವಾಗ ಇದರ ಕಾಲುಭಾಗ ಕಾಗದ ಓದಿದ್ದರೆ ಅಳಿಯ ಇಷ್ಟು ಗೊರಕೆ ಹೊಡೆಯುವವನು ಸಿಗುತ್ತಿರಲಿಲ್ಲ ಎಂದಳು. ಮಾತು ಚುಚ್ಚಿತು, ಆದರೆ ದಾರಿಯನ್ನೂ ತೋರಿಸಿತು. ನನಗೆ ತಿಳಿದ ಆರಿಸುವ ಕ್ರಮ ಅದೊಂದೇ. ಹಾಗಾಗಿ ವರ ನೋಡಿದಂತೆಯೇ ನೋಡಿದೆ. ಮನೆತನ ಯಾವುದು, ಕಾರ್ಖಾನೆ ಎಷ್ಟು ತಲೆಮಾರಿನದು. ಎತ್ತರ ಎಷ್ಟು, ಗಿಡ್ಡ ತೋಟಾಕ್ಕೆ ಗಿಡ್ಡ ಆ್ಯಕ್ಷನ್, ಉದ್ದಕ್ಕೆ ಉದ್ದದ್ದು. ಹಿಡಿಯ ಮರದ ಜೊತೆ ಕೂಡಿಬರುತ್ತದೋ ಇಲ್ಲವೋ, ಏಕೆಂದರೆ ಇದರ ತಳದ ಅಳತೆ ಮರದ ಹೊಂಡಕ್ಕೆ ಸರಿಹೊಂದದಿದ್ದರೆ ಜೀವನಪೂರ್ತಿ ಅಲುಗಾಟ. ಬೋಲ್ಟಿನ ಮೂತಿಗೆ ಬೀಗ ಹಾಕುವ ಹಲ್ಲು ಎರಡೋ ಮೂರೋ. ಮೂರು ಹಲ್ಲಿನವನ ಹಿಡಿಕೆ ಸ್ವಲ್ಪ ಎತ್ತಿದರೆ ಸಾಕು, ಆದರೆ ಎತ್ತುವುದು ಬಿಗಿ. ಎರಡು ಹಲ್ಲಿನವನು ಜಾಸ್ತಿ ಎತ್ತಿಸಿಕೊಳ್ಳುತ್ತಾನೆ, ಆದರೆ ಮೃದು. ಸ್ವಭಾವ ನೋಡಿ ಎರಡು ಹಲ್ಲಿನವನನ್ನು ಮೆಚ್ಚಿದೆ.

ಉಕ್ಕಿನ ವಿಷಯದಲ್ಲಿ ಮಾತ್ರ ನನ್ನ ಸ್ವಂತ ಅನುಭವ ಇತ್ತು. ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ನಮ್ಮ ಅಂಗಡಿಯಿಂದ ಚಿಲಕ ಹೋಗುತ್ತಿದ್ದವು. ಸಾದಾ ಕಬ್ಬಿಣದವು ಅಲ್ಲಿನ ರಾಸಾಯನಿಕದ ಗಾಳಿಗೆ ಆರು ತಿಂಗಳಲ್ಲಿ ಹಪ್ಪಳದಂತೆ ಉದುರುತ್ತಿದ್ದವು. ಹಾಗಾಗಿ ತುಕ್ಕು ಹಿಡಿಯದ ಉಕ್ಕೇ ಬೇಕು ಎಂದು ಹಟ ಹಿಡಿದೆ. ಇನ್ನು ಜಾರುವ ನಯ. ಅತಿ ಬಿಗಿಯಾದರೆ ಧೂಳಿಗೆ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ಗಡಗಡ. ನಡುವಿನ ಹದ ಕೈಗೆ ತಿಳಿಯಲೆಂದೇ ಜೇಬಿನ ಚಿಲಕ. ಮನೆಯಲ್ಲಿ ಮಲಗುವ ಕೋಣೆಯ ಚಿಲಕವನ್ನು ದಿನಕ್ಕೆ ನೂರು ಸಲ ಎಳೆದು ಅಭ್ಯಾಸ ಮಾಡುತ್ತಿದ್ದೆ. ಒಮ್ಮೆ ಶಾಂತಾ ಒಳಗಿರುವಾಗ ಹೊರಗಿನಿಂದ ಹಾಕಿ, ನಯಕ್ಕೆ ತಲೆದೂಗುತ್ತ ತರಕಾರಿ ತರಲು ಹೊರಟುಹೋದೆ. ತಿರುಗಿ ಬಂದಾಗ ಅವಳು ಕಿಟಕಿಯಿಂದ, “ಹದಾ ಬಂತೇನ್ರಿ?” ಎಂದು ಬಹಳ ಶಾಂತವಾಗಿ ಕೇಳಿದಳು. ಆ ವಾರ ನಮ್ಮ ಮನೆಯ ಸಾರಿಗೆ ಮಾತ್ರ ಹದವಿರಲಿಲ್ಲ.

ರೈಫಲ್ ಜೋಡಿಸಬೇಕಾದವರು ಕರೀಂ ಸಾಹೇಬರು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಅಜ್ಜನ ಕಾಲದಿಂದ ಬಂದೂಕು ದುರಸ್ತಿಯ ಪರವಾನಗಿ ಇರುವವರು. ಎರಡು ವರ್ಷ ವಾರಕ್ಕೊಮ್ಮೆ ಅವರಲ್ಲಿಗೆ ಹೋಗಿ ನಾವಿಬ್ಬರೂ ಚಹಾ ಕುಡಿದು ಏನೂ ನಿರ್ಧರಿಸದೆ ಬರುತ್ತಿದ್ದೆವು. ಕೊನೆಗೊಂದು ದಿನ ಅವರು ಕನ್ನಡಕದ ಮೇಲಿನಿಂದ ನೋಡಿ, “ಬಂದೂಕ್ ಬನಾರೇಂ ಕಿ ಶಾದಿ ಕರಾರೇಂ ಮಿಯಾ?” ಎಂದರು. ಬಂದೂಕು ಮಾಡಿಸುತ್ತೀರೋ ಮದುವೆ ಮಾಡಿಸುತ್ತೀರೋ ಎಂಬ ಆ ಮಾತಿನ ನಾಚಿಕೆಗೆ ಅದೇ ವಾರ ಹೊರದೇಶದ ಕಾರ್ಖಾನೆಗೆ ಕಳಿಸುವ ಕಾಗದ ತುಂಬಿದೆ. ಅದರಲ್ಲೊಂದು ಕಡೆ, ಹಿಡಿಕೆ ಬಲಕ್ಕೋ ಎಡಕ್ಕೋ ಎಂದಿತ್ತು. ನಾನು ಯೋಚನೆಯನ್ನೇ ಮಾಡಲಿಲ್ಲ. ಎರಡು ವರ್ಷ ಒಂದೊಂದು ಹಲ್ಲಿಗೂ ತಲೆ ಕೆಡಿಸಿಕೊಂಡವನು ಇದಕ್ಕೆ ಒಂದು ಉಸಿರೂ ಖರ್ಚು ಮಾಡಲಿಲ್ಲ. ಶುಭಕಾರ್ಯ, ಬಲ ಎಂದು ಗುರುತು ಹಾಕಿದೆ. ಭೀಮಣ್ಣ ಓದದೆ ಸಹಿ ಹಾಕಿದ.

ಆಮದಿನ ಪರವಾನಗಿಗೆ ಇನ್ನೂ ಒಂದೂವರೆ ವರ್ಷ ಹೋಯಿತು. ಒಂದು ಕಚೇರಿಯಲ್ಲಿ ಇದು ಬೋರ್‌ವೆಲ್ ಪಂಪಿನ ಭಾಗವೇ ಎಂದು ಕೇಳಿದರು. ಹೌದು ಎನ್ನಲು ನನಗೆ ಭಾರಿ ಆಸೆಯಾಯಿತು. ಅಂತೂ ವಸ್ತು ಬಂತು. ಕರೀಂ ಸಾಹೇಬರು ಜೋಡಿಸಿದರು. ಬೋಲ್ಟು ಎಳೆದರೆ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ. ನನ್ನ ಎದೆ ಉಬ್ಬಿತು.

ಮೊದಲ ಸಲ ಹೊಡೆಯುವ ದಿನ ನಾನೂ ಬರಲೇಬೇಕೆಂದು ಭೀಮಣ್ಣ ಹಟ ಹಿಡಿದ. ಅಷ್ಟು ವರ್ಷ ಸದ್ದಿಗೆ ಹೆದರಿ ಒಮ್ಮೆಯೂ ಅವನ ಕ್ಲಬ್ಬಿಗೆ ಹೋದವನಲ್ಲ. ಕಿವಿಗೆ ಹತ್ತಿ, ಅದರ ಮೇಲೆ ಮಫ್ಲರು, ಅದರ ಮೇಲೆ ಕ್ಲಬ್ಬಿನವರು ಕೊಟ್ಟ ಕರ್ಣಕವಚ ಹಾಕಿಕೊಂಡು ಹಿಂದೆ ನಿಂತೆ. ಭೀಮಣ್ಣ ಕುರ್ಚಿಯಲ್ಲಿ ಕೂತ. ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟ. ಅದರ ಹಿಂಬದಿಯನ್ನು ತನ್ನ ಎಡಭುಜಕ್ಕೆ ತಂದುಕೊಂಡ. ಎಡಗೆನ್ನೆ ಆನಿಸಿದ. ಎಡಗೈ ಬೆರಳು ಕುದುರೆಯ, ಅಂದರೆ ಟ್ರಿಗರಿನ, ಮೇಲೆ ಹೋಯಿತು.

ಭೀಮಣ್ಣ ಎಡಚ.

ನಲವತ್ತು ವರ್ಷ ಬೇಗಂ ಬಜಾರಿನಲ್ಲಿ ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಬಾಗಿಲು ಎಡಕ್ಕೆ ತೆರೆಯುತ್ತದೋ ಬಲಕ್ಕೋ? ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಕೇಳಿದ್ದೇನೆ. ಒಬ್ಬ ಮೂಕನಿಗೆ ಕೈಸನ್ನೆಯಲ್ಲಿ ಕೇಳಿದ್ದೇನೆ. ಆ ಪ್ರಶ್ನೆಯನ್ನು ಕೇಳದೆ ಬಿಟ್ಟದ್ದು ಒಬ್ಬನಿಗೇ, ಅವನು ನನ್ನ ಗೆಳೆಯ.

ಗುಂಡು ಹಾರಿತು. ನನ್ನ ಎದೆ ಅದಕ್ಕೂ ಮೊದಲೇ ಹಾರಿತ್ತು. ಈಗ ಅವನು ಎದ್ದು ಬಂದು ಉಗಿಯುತ್ತಾನೆ ಎಂದು ಕಾದೆ. ಭೀಮಣ್ಣ ಎದ್ದು ಬಂದ, ಕಣ್ಣು ತುಂಬಿಕೊಂಡು. ಸುತ್ತ ಇದ್ದ ಹಿರಿಯರನ್ನೆಲ್ಲ ಕರೆದು ವಿವರಿಸಿದ. ಮೇಜಿನ ಮೇಲಿಟ್ಟು ಹೊಡೆಯುವಾಗ ಎಡಗೈಯನ್ನು ಕುದುರೆಯಿಂದ ತೆಗೆಯಬೇಕಿಲ್ಲ, ಭುಜ ಅಲುಗಬೇಕಿಲ್ಲ, ಸುಮ್ಮನಿರುವ ಬಲಗೈಯೇ ಬೋಲ್ಟು ಎಳೆದು ತೋಟಾ ಇಡುತ್ತದೆ. ಎಡಚನಿಗೆ ಎಡ ಹಿಡಿಕೆ ಎಂದು ಯಾವ ದಡ್ಡನಾದರೂ ಹೇಳಿಯಾನು, ನಮ್ಮ ನಾಗಪ್ಪ ಎಷ್ಟು ಆಳಕ್ಕೆ ಹೋಗಿದ್ದಾನೆ ನೋಡಿ ಎಂದ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದ:

“ಅರವತ್ತು ವರ್ಷದಾಗ ನನ್ನ ಎಡಗೈ ನೋಡಿದಾವ ನೀ ಒಬ್ಬನs, ನಾಗ್ಯಾ.”

ನಾನು ಏನು ಮಾಡಿದೆ? ತಲೆ ಬಾಗಿಸಿ, ಅದೇನು ದೊಡ್ಡದು ಬಿಡು ಎಂದೆ. ಅವರು ನನಗೊಂದು ಶಾಲು ಹೊದಿಸಿದರು. ಮಫ್ಲರಿನ ಮೇಲೆ ಶಾಲು, ಬೇಸಿಗೆ ಬೇರೆ. ಅಂದಿನಿಂದ ಕ್ಲಬ್ಬಿನ ಹಿರಿಯರು ಒಬ್ಬೊಬ್ಬರಾಗಿ ಸಲಹೆಗೆ ಮನೆಗೆ ಬರತೊಡಗಿದರು. ನಾನು ಕಣ್ಣು ಮುಚ್ಚಿ, ಅವರ ಕೈ ಹಿಡಿದು ನೋಡಿ, ಹಲ್ಲು ಎರಡು ಸಾಕು ಎನ್ನುತ್ತಿದ್ದೆ. ಒಬ್ಬರು ನನ್ನನ್ನು ದಂತವೈದ್ಯನೆಂದು ತಿಳಿದು ಬಂದಿದ್ದರು. ಅವರೂ ತೃಪ್ತರಾಗಿ ಹೋದರು.

ಆದರೆ ‘ಅರವತ್ತು ವರ್ಷ’ ಎಂಬ ಮಾತು ದಿನಾ ನನ್ನ ಜೊತೆ ಊಟಕ್ಕೆ ಕೂಡತೊಡಗಿತು; ನನಗೆ ಅನ್ನ ಸೇರದಾಯಿತು. ಒಂದು ದಿನ ಊಟಕ್ಕೆ ಕೂತಾಗ ಶಾಂತಾಳ ಮೊಣಕೈ ನನ್ನ ಮೊಣಕೈಗೆ ತಾಗಿ ಸಾರು ಚೆಲ್ಲಿತು. ಅಷ್ಟರಲ್ಲಿ ಎಲ್ಲ ನೆನಪಾಯಿತು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ನನ್ನ ಬಲಕ್ಕೆ ಕೂಡುತ್ತಿದ್ದ, ಎಡಗೈಯಲ್ಲಿ ಬರೆಯುತ್ತಿದ್ದ. ಅವನ ಮೊಣಕೈ ನನ್ನದಕ್ಕೆ ಬಡಿದು ನನ್ನ ಶಾಯಿ ಚೆಲ್ಲುತ್ತಿತ್ತು. ಒಂದು ದಿನ ಅವನು ನೀರು ಕುಡಿಯಲು ಹೋದಾಗ ನಾನು ಮಾಸ್ತರರ ಮೇಜಿನ ಹತ್ತಿರ ಹೋಗಿ ಹೇಳಿದೆ. ಅವರು ಆ ವರ್ಷವಿಡೀ ಭೀಮಣ್ಣನ ಎಡಗೈಯನ್ನು ಲಾಡಿಯಿಂದ ಬೆಂಚಿನ ಕಾಲಿಗೆ ಕಟ್ಟಿಸಿ ಬಲಗೈಯಲ್ಲಿ ಬರೆಸಿದರು; ಆಮೇಲೆ ಇಲಾಖೆಯ ನಕ್ಷೆಗಳನ್ನೂ ಅವನು ಬಲಗೈಯಲ್ಲೇ ಬರೆದ. ನನ್ನ ಶಾಯಿ ಮತ್ತೆ ಚೆಲ್ಲಲಿಲ್ಲ. ಕೈ ಕಟ್ಟಿದ್ದನ್ನು ದಿನಾ ನೋಡುತ್ತಿದ್ದವನು ನಾನು, ಮತ್ತು ಅದನ್ನು ಪೂರ್ತಿ ಮರೆತವನೂ ನಾನೇ. ಅವನ ಎಡಗೈ ಅಷ್ಟು ವರ್ಷ ಯಾರ ಅಪ್ಪಣೆಯೂ ಬೇಡದ ಒಂದೇ ಒಂದು ಜಾಗ ಹುಡುಕುತ್ತಿತ್ತು. ಅದಕ್ಕೆ ಸಿಕ್ಕಿದ್ದು ಆ ಮರಳಿನ ಚೀಲ.

ಸುಮ್ಮನಿದ್ದುಬಿಡುತ್ತಿದ್ದೆನೇನೋ. ಆದರೆ ಪಂದ್ಯಕ್ಕೆ ಮೊದಲು ಆ ಉಕ್ಕಿನ ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ ಕೊರೆಸಬೇಕೆಂದು ಭೀಮಣ್ಣ ನಿಶ್ಚಯಿಸಿದ. ಕರೀಂ ಸಾಹೇಬರ ಅಂಗಡಿಗೆ ಕರೆದುಕೊಂಡು ಹೋದ. ಅವರು ರೈಫಲ್ ಬಿಚ್ಚಿ, ಆ್ಯಕ್ಷನ್ನನ್ನು ಇಕ್ಕಳದಲ್ಲಿ ಕೂಡಿಸಿ, ನಾನು ಚೀಟಿಯಲ್ಲಿ ಬರೆದುಕೊಟ್ಟ ಹೆಸರನ್ನು ತಲೆಕೆಳಗಾಗಿ ಹಿಡಿದು ಉಳಿ ಎತ್ತಿದರು. ತುಕ್ಕು ಹಿಡಿಯದ ಉಕ್ಕು, ನಾನೇ ಆರಿಸಿದ್ದು. ಸುಳ್ಳು ಅದರ ಮೇಲೆ ಕೂತರೆ ನಾವಿಬ್ಬರೂ ಹೋದ ಮೇಲೂ ಫಳಫಳ ಹೊಳೆಯುತ್ತಿರುತ್ತದೆ. ತಡೀರಿ ಸಾಹೇಬರೇ ಎಂದೆ.

ಎಲ್ಲ ಹೇಳಿದೆ. ಕೈ ನೋಡಿ ಆರಿಸಿದ್ದಲ್ಲ, ಶುಭವೆಂದು ಬಲಕ್ಕೆ ಗುರುತು ಹಾಕಿದ್ದು, ಶಾಲು ಹೊದ್ದದ್ದು. ಕೊನೆಗೆ ಮಾಸ್ತರರ ಮೇಜಿನ ಹತ್ತಿರ ಹೋದದ್ದನ್ನೂ. ಅದನ್ನು ಹೇಳುವಾಗ ನನ್ನ ದನಿ ಹತ್ತು ವರ್ಷದವನದಾಗಿತ್ತು. ಕರೀಂ ಸಾಹೇಬರು ಉಳಿಯನ್ನು ಎತ್ತಿದಲ್ಲೇ ಹಿಡಿದಿದ್ದರು.

ಭೀಮಣ್ಣ ಸಾಸರಿನಿಂದ ಚಹಾ ಹೀರಿ ಮುಗಿಸಿದ. “ಹಿಡಿಕಿದು ನನಗ ಗೊತ್ತಿರಲಿಲ್ಲ” ಎಂದ. “ಆದರ ಮಾಸ್ತರದು ಗೊತ್ತಿತ್ತು. ಬೆಂಚಿನ ಮ್ಯಾಲ ನಾವು ಇದ್ದಾವರs ಇಬ್ಬರು. ನಾ ಹೇಳಿಲ್ಲ. ಮತ್ತ್ಯಾರು ಹೇಳತಾರಲೇ?”

ಅಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದೆ. ಕೇಳಿದ್ದರೆ ನೀನು ಬೇರೆ ಬೆಂಚಿಗೆ ಹೋಗುತ್ತಿದ್ದೆ ಎಂದ. ಆಮೇಲೆ ಸಾಹೇಬರ ಕಡೆ ತಿರುಗಿ, ಹೆಸರು ಕೊರೆಯಿರಿ, ಆದರೆ ಮೇಲೆ ಬೇಡ, ತಳದಲ್ಲಿ, ಮರದ ಹೊಂಡದೊಳಗೆ ಮುಚ್ಚಿಹೋಗುವ ಕಡೆ ಕೊರೆಯಿರಿ ಎಂದ; ಗುರಿ ಇಡುವಾಗ ಕಣ್ಣಿಗೆ ಬಿದ್ದರೆ ನಗು ಬರುತ್ತದಂತೆ. ಸಾಹೇಬರು ಕೊರೆದರು. ಪಂದ್ಯದಲ್ಲಿ ಭೀಮಣ್ಣ ಕೊನೆಯಿಂದ ಮೂರನೆಯವನಾದ. ಅದಕ್ಕೆ ಕಾರಣ ನನ್ನ ಹೆಸರಲ್ಲ, ಕಣ್ಣು ಎಂದು ಅವನೇ ಹೇಳಿದ್ದಾನೆ.

ಆದರೆ ನಾನು ಹೇಳಬೇಕಾದದ್ದು ಆ ಅಂಗಡಿಯದು. ಉಳಿಯ ಸದ್ದು ನಡೆದಿರುವಾಗ ಭೀಮಣ್ಣ ತಟ್ಟೆಯಲ್ಲಿ ಉಳಿದಿದ್ದ ಒಂದೇ ಬಿಸ್ಕತ್ತನ್ನು ಮುರಿದು ಅರ್ಧ ನನ್ನ ಕಡೆ ಚಾಚಿದ, ಎಡಗೈಯಲ್ಲಿ. ನನ್ನದು ಏನಿದ್ದರೂ ಬಲಗೈಯಲ್ಲೇ ತೆಗೆದುಕೊಳ್ಳುವ ಎಪ್ಪತ್ತನಾಲ್ಕು ವರ್ಷದ ಅಭ್ಯಾಸ. ನನ್ನ ಬಲಗೈ ಅರ್ಧ ದಾರಿಗೆ ಬಂದು ಅನುಮಾನಿಸಿ ನಿಂತಿತು. ಅವನು ಬಿಸ್ಕತ್ತು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದ. ನಾನು ಬಲಗೈಯನ್ನು ಇನ್ನೂ ಜೇಬಿನಲ್ಲೇ ಉಳಿದಿದ್ದ ಚಿಲಕದ ಹತ್ತಿರ ಇಟ್ಟು, ಎಡಗೈ ಚಾಚಿದೆ. ರೂಢಿಯಿಲ್ಲದ ಕೈ, ಜಾಸ್ತಿ ಒತ್ತಿ ಹಿಡಿಯಿತು, ಬಿಸ್ಕತ್ತಿನ ಪುಡಿ ನನ್ನ ಎರಡೂ ತಪ್ಪಿನ ಪ್ರಾಯಶ್ಚಿತ್ತಕ್ಕೆ ಸಾಕಾಗುವಷ್ಟು ನೆಲಕ್ಕೆ ಬಿತ್ತು. ಉಳಿದದ್ದು ಬಾಯಿಗೆ ಸರಿಯಾಗಿಯೇ ತಲುಪಿತು.