ಗ್ಲಾಸ್ ಎತ್ತುವ ಚಾಳಿ

ನಮ್ಮ ಕಡೆ ಚಾಳಿ ಎನ್ನುವ ಮಾತು ದಿನಕ್ಕೊಮ್ಮೆಯಾದರೂ ಯಾರದಾದರೂ ತಲೆಯ ಮೇಲೆ ಬೀಳುತ್ತದೆ. ಚಟ ಬೇರೆ, ಚಾಳಿ ಬೇರೆ. ಚಟಕ್ಕೆ ಅಂಗಡಿಗೆ ಹೋಗಬೇಕು, ಚಾಳಿಗೆ ಮೈಯೊಂದಿದ್ದರೆ ಸಾಕು. ಉಗುರು ಕಚ್ಚುವುದು, ಬೀಗ ಹಾಕಿದ ಮೇಲೂ ಎಳೆದೆಳೆದು ನೋಡುವುದು, ಕೊಳ್ಳುವ ಮನಸ್ಸಿಲ್ಲದಿದ್ದರೂ ಬುಟ್ಟಿಯ ಮೀನಿನ ಕಿವಿರು ಎತ್ತಿ ನೋಡಿ ಹೋಗುವುದು, ಎಲ್ಲ ಚಾಳಿಯೇ. ಆದರೆ ಯಾರೂ ತಮ್ಮದನ್ನು ಚಾಳಿ ಎನ್ನುವುದಿಲ್ಲ. ನಾನು ಮಾಡಿದರೆ ಅದು ನಮ್ಮ ಮನೆಯ ಕ್ರಮ, ನೀನು ಮಾಡಿದರೆ ಚಾಳಿ. ಇದು ಲೋಕದ ನ್ಯಾಯ, ನಾನೇನು ಮಾಡಲಿ?

ನನ್ನ ಗಂಡನದು ಗ್ಲಾಸ್ ಎತ್ತುವ ಚಾಳಿ. ಮುಂಬೈಯ ಹೋಟೆಲಿನಲ್ಲಿ ಟೇಬಲ್ ಒರೆಸುವಲ್ಲಿಂದ ಸುರು ಮಾಡಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವರೆಗೆ ಬಂದವರು. ತೆಕ್ಕಟ್ಟೆಯಲ್ಲಿ ಮನೆ ಕಟ್ಟಿ ಊರಲ್ಲೇ ನಿಂತರೂ ಅವರ ಬೆರಳಿಗೆ ಮಾತ್ರ ಆ ಸುದ್ದಿ ತಲುಪಲಿಲ್ಲ. ಎದುರಿಗೆ ಖಾಲಿ ಗ್ಲಾಸ್ ಕಂಡರೆ ಸಾಕು, ಒಂದೊಂದರೊಳಗೆ ಒಂದೊಂದು ಬೆರಳು ಇಳಿಸಿ, ಒತ್ತಿ ಹಿಡಿದು, ನಾಲ್ಕನ್ನೂ ಒಂದೇ ಕೈಯಲ್ಲಿ ಎತ್ತಿಬಿಡುತ್ತಿದ್ದರು. ಯಾರ ಮನೆ, ಯಾರ ಎಂಜಲು, ಊಹೂಂ, ಒಂದೂ ನೋಡುತ್ತಿರಲಿಲ್ಲ.

ಬ್ರಹ್ಮಾವರದ ಹಾಲ್ ಒಂದರಲ್ಲಿ ಮದುವೆ ಊಟ ಮುಗಿಸಿ ಎದ್ದವರು ಪಂಕ್ತಿಯ ಉದ್ದಕ್ಕೂ ನೀರಿನ ಗ್ಲಾಸ್ ಎತ್ತುತ್ತ ಹೋದರು. ಬಡಿಸುವವರು "ಅಣ್ಣ, ಬಿಡಿ, ಬಿಡಿ" ಎಂದು ಹಿಂದೆ ಓಡಿದರು. ಹೆಣ್ಣಿನ ಕಡೆಯವರೊಬ್ಬರು ಎಲ್ಲರಿಗೂ ಕೇಳುವ ಹಾಗೆ, "ಹೋಟ್ಲ್ ಮಾಣಿ ಅಲ್ದಾ, ಚಾಳಿ ಎಲ್ಲಿ ಹೋತ್ತ್?" ಎಂದು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಈ ಚಾಳಿ ಒಂದ್ ಬಿಡಿ ಮರ್ರೆ. ನಂಗೆ ನಾಕ್ ಜನ್ರ್ ಎದ್ರಿಗೆ ಮುಖ ಎತ್ತುಕ್ ಆತಿಲ್ಲೆ" ಎಂದೆ, ಮನೆಗೆ ಹಿಂದೆ ಬರುವಾಗ.

"ಚಾಳಿ ಎಂತದ್ ಮಾರಾಯ್ತಿ? ಖಾಲಿ ಗ್ಲಾಸ್ ಕಂಡ್ರೆ ಕೈ ಸುಮ್ನೆ ಇರ್ತಿಲ್ಲೆ" ಎಂದರು, ಅಷ್ಟೇ ಸಲೀಸಾಗಿ.

ಇವರಿಗೆ ಹೇಳಿ ಸುಖವಿಲ್ಲ ಎಂದು ಕುಂದಾಪುರಕ್ಕೆ ಹೋಗಿ ಹಿಡಿಕೆಯಿರುವ ಪಿಂಗಾಣಿ ಕಪ್ಪು ತಂದೆ. ಕಪ್ಪಿನೊಳಗೆ ಬೆರಳಿಟ್ಟು ಎತ್ತಲು ಬರುವುದಿಲ್ಲ, ಹಿಡಿಕೆ ಅಡ್ಡ ಬರುತ್ತದೆ. ಮನೆಯಲ್ಲಿದ್ದ ಗಾಜಿನ ಗ್ಲಾಸುಗಳನ್ನೆಲ್ಲ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಮನೆಯೊಳಗಾದರೂ ಚಾಳಿ ನಿಂತಿತು.

ಹೋದ ಮಳೆಗಾಲದಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿತ್ತು, ನಾಲಿಗೆ ದಪ್ಪವಾಯಿತು. ಕಾಲು ಹೇಗೋ ಸುಧಾರಿಸಿತು, ಕೈ ಮಾತ್ರ ಮಡಿಲಲ್ಲಿ ಬೇರೆ ಯಾರದೋ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟಳು, ಹಿಸುಕಲಿಕ್ಕೆ. ಅವರು ಅದನ್ನು ನೋಡಿ ಮುಖ ತಿರುಗಿಸಿದರು.

"ನಾನೆಂತ ಸಣ್ ಮಗುವಾ?" ಎಂದರು. ಅಷ್ಟು ಹೇಳಲು ಒಂದು ಯುಗ ಹಿಡಿಯಿತು.

ಹುಡುಗಿ ನನ್ನನ್ನು ಜಗಲಿಗೆ ಕರೆದು, "ಅಕ್ಕಾ, ಕೆಲ್ಸ ಕೊಡ್ದಿದ್ರೆ ಬೆರಳ್ ಹಿಂಗೇ ಮುಚ್ಚಿ ಗಟ್ಟಿ ಆತ್ತ್. ಮತ್ತೆ ಬಿಡಿಸುಕ್ ಆತಿಲ್ಲೆ" ಎಂದಳು. ಹಟ್ಟಿಯಂಗಡಿಯ ಗಣಪತಿಗೆ ಹರಕೆ ಹೇಳಿಕೊಂಡೆ. ಚೆಂಡು ಮಂಚದ ಕೆಳಗೇ ಉಳಿಯಿತು. ಮೀಯಿಸುವುದು, ಉಣಿಸುವುದು, ಗುಂಡಿ ಹಾಕುವುದು, ಎತ್ತುವುದು, ಕೂರಿಸುವುದು. ನನಗೆ ಸಾಕುಸಾಕಾಗಿ ಹೋಗಿತ್ತು. ಸಿಟ್ಟು ಮಾಡಲೂ ತ್ರಾಣವಿರಲಿಲ್ಲ.

ಒಂದು ದಿನ ತಲ್ಲೂರಿನಿಂದ ಅವರ ಅಕ್ಕ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ನೋಡಲು ಬಂದರು. ಕಪ್ಪು ಸಾಲಲಿಲ್ಲ. ಅತ್ತಿಗೆ ಮಗನನ್ನು ಅಟ್ಟ ಹತ್ತಿಸಿ ಗೋಣಿ ಇಳಿಸಿ, ಗ್ಲಾಸ್ ತೊಳೆದು, ತಾವೇ ಚಾ ಮಾಡಿದರು. ಕುಡಿದ ಗ್ಲಾಸುಗಳನ್ನು ನನ್ನ ಗಂಡನ ಎದುರಿನ ಟೀಪಾಯಿಯ ಮೇಲೆ ಇಟ್ಟು ಎಲ್ಲರೂ ಅವರ ತಲೆಯ ಮೇಲಿಂದಲೇ ಮಾತಾಡುತ್ತಿದ್ದೆವು, ಅವರಿಗೆ ಕಿವಿಯೂ ಹೋಗಿದೆಯೋ ಎಂಬಂತೆ.

ಟಣ್ ಎಂದಿತು. ತಿರುಗಿ ನೋಡಿದರೆ ಬಲಗೈ ಮಡಿಲಿನಿಂದ ಎದ್ದು ಟೀಪಾಯಿಗೆ ಬಂದಿತ್ತು. ತೋರುಬೆರಳು ಒಂದು ಗ್ಲಾಸಿನೊಳಗೆ ಇಳಿದಿತ್ತು. ಎತ್ತಲಾಗಲಿಲ್ಲ, ಗ್ಲಾಸ್ ಅಡ್ಡ ಬಿತ್ತು.

"ಅಯ್ಯೋ, ಇವ್ನ್ ಚಾಳಿ ಕಾಣ್ ಹೆಣೆ!" ಎಂದ ಅತ್ತಿಗೆ ಅಲ್ಲಿಗೇ ಬಾಯಿ ಮುಚ್ಚಿ ಸೆರಗು ಕಚ್ಚಿದರು. ನಾನು ಒಳಗೆ ಹೋಗಿ ಗೋಡೆ ಹಿಡಿದುಕೊಂಡು ಅತ್ತೆ.

ಅಂದಿನಿಂದ ಕಪ್ಪು ಅಟ್ಟಕ್ಕೆ ಹೋಗಿದೆ, ಗ್ಲಾಸ್ ಕೆಳಗೆ ಬಂದಿದೆ. ಆದರೆ ತೊಳೆದ ಗ್ಲಾಸ್ ಇಟ್ಟರೆ ಅವರ ಕೈ ಏಳುವುದಿಲ್ಲ. ಯಾರಾದರೂ ಕುಡಿದಿರಬೇಕು, ತಳದಲ್ಲಿ ಚಾ ಇರಬೇಕು. ಕೈಗೆ ಮೋಸ ಗೊತ್ತಾಗುತ್ತದೆ. ಹಾಗಾಗಿ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯುತ್ತೇನೆ. "ಹ್ವಾಯ್, ಚಾ ಕುಡ್ದ್ ಹೋಗಿ!" ಮೀನಿನವಳು ಕುಡಿಯುತ್ತಾಳೆ, ಕರೆಂಟ್ ಬಿಲ್ಲಿನವನು ಕುಡಿಯುತ್ತಾನೆ. ಯಾರೂ ಸಿಗದ ದಿನ ನಾನೇ ಕುಡಿಯುತ್ತೇನೆ. ಹೊಟ್ಟೆಯಲ್ಲಿ ಹುಳಿ ಎದ್ದು ಎದೆ ಉರಿಯುತ್ತದೆ. ಊರವರು ಈಗ ಹೇಳುತ್ತಾರಂತೆ, ಅವಳಿಗೂ ಒಂದು ಚಾಳಿ ಹಿಡಿದಿದೆ, ಕಂಡಕಂಡವರಿಗೆ ಚಾ ಕುಡಿಸುವ ಚಾಳಿ ಎಂದು. ಹೇಳಲಿ.

ನಿನ್ನೆ ಎರಡು ಬೆರಳಿಗೆ ಎರಡು ಗ್ಲಾಸ್ ಬಂತು. ಎದ್ದು, ನನ್ನ ಹೆಗಲಿಗೆ ಆನಿಕೊಂಡು, ಪಾತ್ರೆ ತೊಳೆಯುವಲ್ಲಿಯವರೆಗೆ ನಡೆದರು. ಅಲ್ಲಿ ಎರಡೂ ಕೈಜಾರಿ ಚೂರಾದವು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸೊಂಟ ಹಿಡಿದುಕೊಂಡು ನೆಲದಲ್ಲಿ ಕೂತು ಗಾಜು ಹೆಕ್ಕತೊಡಗಿದೆ. ಇನ್ನು ನನ್ನಿಂದ ಆಗುವುದಿಲ್ಲ ದೇವರೇ, ಎಂದು ಬಾಯಿಬಿಟ್ಟೇ ಹೇಳಿದೆ.

ಅವರು ತಮ್ಮ ಎರಡು ಬೆರಳನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿ, ದಪ್ಪ ನಾಲಿಗೆಯಲ್ಲಿ ನಿಧಾನಕ್ಕೆ ಹೇಳಿದರು.

"ಇನ್ನೊಂದ್ ಗ್ಲಾಸ್ ಚಾ ಕುಡಿ ಮಾರಾಯ್ತಿ."

ಎದ್ದು ಹಾಲಿಟ್ಟೆ. ಎದೆ ಉರಿಯುತ್ತಿತ್ತು. ಅವರ ಎದುರಿಗೆ ಕೂತು, ತಳದಲ್ಲಿ ಚೂರು ಚಾ ಉಳಿಸಿ, ಕುಡಿದೆ.